ಇರುವ ಜಿಟಿಐಗೆ ಮೂರೂವರೆ ಸಾವಿರವೋ, ಹೊಸ ಗಾಲ್ಫ್ ಆರ್‌ಗೆ ನಲವತ್ತೈದು ಸಾವಿರವೋ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬಳಿ ಈಗಾಗಲೇ ಒಂದು ಒಳ್ಳೆಯ ಹಾಟ್ ಹ್ಯಾಚ್ ಇದ್ದು, ಅದರ ಸಾಲ ತೀರಿದ್ದರೆ, ಸರ್ವಿಸ್ ಇತಿಹಾಸ ಸರಿಯಾಗಿದ್ದರೆ, ಇನ್ನೂ ನಾಲ್ಕು ವರ್ಷ ಅದನ್ನೇ ಇಟ್ಟುಕೊಳ್ಳಿ. ಅದರ ಮೇಲೆ ಮೂರು, ಮೂರೂವರೆ ಸಾವಿರ ಪೌಂಡ್ ಖರ್ಚು ಮಾಡಿ. ಆದರೆ ಆ ದುಡ್ಡಿನ ಬಹುಪಾಲು ನೀವು ಅಂದುಕೊಂಡ ಕಡೆ ಹೋಗಬಾರದು. ಹೊಸ ಕಾರು ಕೊಳ್ಳುವುದಕ್ಕೂ ಸರಿಯಾದ ಕಾರಣಗಳಿವೆ, ಅವನ್ನೂ ಹೇಳುತ್ತೇನೆ. ಆದರೆ ತಿಂಗಳ ಕಂತು ಕೈಗೆಟಕುತ್ತದೆ ಎಂಬುದು ಆ ಕಾರಣಗಳಲ್ಲಿ ಒಂದಲ್ಲ.

ಇಲ್ಲಿ ಸಾಮಾನ್ಯವಾಗಿ ಐಸಾ, ಪೆನ್ಷನ್, ಇಂಡೆಕ್ಸ್ ಫಂಡ್ ಬಗ್ಗೆ ಬರೆಯುವವನು ಕಾರಿನ ಬಗ್ಗೆ ಯಾಕೆ ಬರೆಯುತ್ತಿದ್ದಾನೆ ಎಂದು ಕೇಳಬಹುದು. ಮನೆ ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಸಹಿ ಹಾಕುವ ಅತಿ ದೊಡ್ಡ ಒಪ್ಪಂದ ಕಾರಿನದೇ. ಫಂಡಿನ ಶುಲ್ಕ ಶೇ. 0.2 ಇರಬೇಕೋ 0.1 ಇರಬೇಕೋ ಎಂದು ವಾರಗಟ್ಟಲೆ ಯೋಚಿಸುವ ಜನ, ಶೋರೂಮಿನಲ್ಲಿ ಕಾಫಿ ಆರುವುದರೊಳಗೆ 45 ಸಾವಿರದ ಕಾರಿಗೆ ಸಹಿ ಹಾಕಿ ಬರುವುದನ್ನು ನೋಡಿದ್ದೇನೆ.

ನನ್ನ ಮುಂದಿರುವ ಮೂರು ದಾರಿ

ನನ್ನದು 2018ರ ಗಾಲ್ಫ್ ಜಿಟಿಐ ಪರ್ಫಾರ್ಮೆನ್ಸ್, ಏಳೂವರೆ ಎಂದು ಕರೆಯುವ ತಲೆಮಾರಿನದು. ಎರಡು ಲೀಟರ್ ಟರ್ಬೊ ಪೆಟ್ರೋಲ್, 245 ಪಿಎಸ್, 370 ನ್ಯೂಟನ್ ಮೀಟರ್ ಟಾರ್ಕ್, ಮುಂದಿನ ಚಕ್ರಗಳ ನಡುವೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಆರು ಗೇರಿನ ಮ್ಯಾನುವಲ್. ಓಡಿರುವುದು 61 ಸಾವಿರ ಮೈಲಿ. ಸಾಲವಿಲ್ಲ. ಈಗ ಮಾರಿದರೆ ಸುಮಾರು 13 ಸಾವಿರ ಪೌಂಡ್ ಬಂದೀತು.

ನಾವಿಬ್ಬರೂ ಮನೆಗೆ ಡಿಪಾಸಿಟ್ ಕೂಡಿಸುತ್ತಿದ್ದೇವೆ. ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಗಾಲ್ಫ್ ಆರ್ ಓಡಾಡುತ್ತಿದೆ. ನಾಲ್ಕು ಚಕ್ರಕ್ಕೂ ಶಕ್ತಿ, 333 ಪಿಎಸ್, 100 ಕಿ.ಮೀ. ವೇಗಕ್ಕೆ 4.6 ಸೆಕೆಂಡ್. ನನ್ನ ಕಾರಿಗೆ ಅದೇ ಕೆಲಸಕ್ಕೆ 6.2 ಸೆಕೆಂಡ್ ಬೇಕು. ಈ ಆಸೆಯನ್ನು ಬಾಲಿಶ ಎಂದು ತಳ್ಳಿಹಾಕುವ ಹಣಕಾಸು ಬರಹಗಳು ನನಗೆ ಇಷ್ಟವಿಲ್ಲ. ಕಾರು ಓಡಿಸುವುದು ಸಂತೋಷ ಕೊಡುವ ಕೆಲಸ, ಸಂತೋಷಕ್ಕೆ ದುಡ್ಡು ಖರ್ಚು ಮಾಡಬಹುದು. ಎಷ್ಟು ದುಡ್ಡಿಗೆ ಎಷ್ಟು ಸಂತೋಷ ಎಂಬುದಷ್ಟೇ ಪ್ರಶ್ನೆ.

ಹಾಗಾಗಿ ಮೂರು ದಾರಿ:

ಒಂದು, ಇರುವ ಕಾರನ್ನು ರಿಪೇರಿ ಮಾಡಿಸಿ, ಸ್ವಲ್ಪ ಅಪ್‌ಗ್ರೇಡ್ ಮಾಡಿ ನಾಲ್ಕು ವರ್ಷ ಓಡಿಸುವುದು.

ಎರಡು, ಅದನ್ನು ಕೊಟ್ಟು ಹೊಸ ಗಾಲ್ಫ್ ಆರ್ ಅನ್ನು ಪಿಸಿಪಿ ಮೇಲೆ ತರುವುದು.

ಮೂರು, ನಾಲ್ಕು ವರ್ಷ ಹಳೆಯ, 320 ಪಿಎಸ್‌ನ ಎಂಟನೇ ತಲೆಮಾರಿನ ಗಾಲ್ಫ್ ಆರ್ ಅನ್ನು ನಗದು ಕೊಟ್ಟು ಕೊಳ್ಳುವುದು.

ನಾಲ್ಕು ವರ್ಷದ ಲೆಕ್ಕ

ಪೆಟ್ರೋಲು, ಮಾಮೂಲಿ ಸರ್ವಿಸ್, ವರ್ಷದ ಮೂಲ ರಸ್ತೆ ತೆರಿಗೆ ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಎಂದು ಹಿಡಿದು ಬಿಟ್ಟಿದ್ದೇನೆ. ಬೇರೆಯಾಗುವುದನ್ನು ಮಾತ್ರ ಕೂಡಿಸಿದ್ದೇನೆ. ಬೆಲೆಗಳು ನಾನು ಕೇಳಿ ತಂದವು, ಮಾರುವಾಗಿನ ಬೆಲೆಗಳು ನನ್ನ ಅಂದಾಜು. ನಿಮ್ಮ ವಯಸ್ಸು, ಪಿನ್‌ಕೋಡ್, ಕಾರು ಬೇರೆಯಾದರೆ ಅಂಕಿಗಳೂ ಬೇರೆಯಾಗುತ್ತವೆ. ಆದರೆ ಲೆಕ್ಕ ಹಾಕುವ ಕ್ರಮ ಇದೇ.

ಮೊದಲನೇ ದಾರಿ:
- ಒಳ್ಳೆಯ ನಾಲ್ಕು ಟೈರು: 560
- ಮುಂದಿನ ಬ್ರೇಕ್ ಡಿಸ್ಕ್, ಪ್ಯಾಡ್, ಬ್ರೇಕ್ ಎಣ್ಣೆ: 500
- ಶಾಕ್ ಅಬ್ಸಾರ್ಬರ್, ಮೌಂಟ್, ಬುಷ್‌ಗಳು: 1,100
- ಸ್ಪಾರ್ಕ್ ಪ್ಲಗ್, ಕಾಯಿಲ್, ಗೇರ್‌ಬಾಕ್ಸ್ ಎಣ್ಣೆ: 440
- ಹಿಂದಿನ ಆ್ಯಂಟಿ ರೋಲ್ ಬಾರ್: 350
- ಸ್ಟೇಜ್ 1 ರೀಮ್ಯಾಪ್: 550
- ಇನ್ಶೂರೆನ್ಸ್ ಹೆಚ್ಚಳ, ವರ್ಷಕ್ಕೆ 200ರಂತೆ: 800
- ರಿಪೇರಿ ಮೀಸಲು, ವರ್ಷಕ್ಕೆ 900ರಂತೆ: 3,600
- ಬೆಲೆ ಕುಸಿತ, 13,000ದಿಂದ 7,500ಕ್ಕೆ: 5,500

ಒಟ್ಟು 13,400 ಪೌಂಡ್. ತಿಂಗಳಿಗೆ ಸುಮಾರು 279.

ಎರಡನೇ ದಾರಿ, ಹೊಸ ಕಾರು 45,000 ಪೌಂಡ್. ನನ್ನ ಕಾರು 13,000ಕ್ಕೆ ಡಿಪಾಸಿಟ್ ಆಗುತ್ತದೆ. ಉಳಿದ 32,000ಕ್ಕೆ ಶೇ. 7 ಎಪಿಆರ್, 48 ತಿಂಗಳು, ಕೊನೆಯ ಕಂತು 20,000. ತಿಂಗಳ ಕಂತು 399 ಬರುತ್ತದೆ.
- ಬೆಲೆ ಕುಸಿತ, 45,000ದಿಂದ 21,000ಕ್ಕೆ: 24,000
- ಬಡ್ಡಿ: 7,160
- ದುಬಾರಿ ಕಾರಿನ ಹೆಚ್ಚುವರಿ ತೆರಿಗೆ, ಮೂರು ವರ್ಷ: 1,275
- ಇನ್ಶೂರೆನ್ಸ್ ಹೆಚ್ಚಳ, ವರ್ಷಕ್ಕೆ 300ರಂತೆ: 1,200
- ಒಂದು ಸೆಟ್ 19 ಇಂಚಿನ ಟೈರು: 800

ಒಟ್ಟು 34,435. ತಿಂಗಳಿಗೆ ಸುಮಾರು 717.

ಮೂರನೇ ದಾರಿ, 27,000ದ ಹಳೆಯ ಆರ್. ನನ್ನ ಕಾರಿನ 13,000 ಹೋಗಿ ಉಳಿತಾಯದಿಂದ 14,000.
- ಬೆಲೆ ಕುಸಿತ, 27,000ದಿಂದ 16,000ಕ್ಕೆ: 11,000
- ಆ 14,000ಕ್ಕೆ ಕ್ಯಾಶ್ ಐಸಾದಲ್ಲಿ ಶೇ. 4ರಂತೆ ಬರಬಹುದಾಗಿದ್ದ ಬಡ್ಡಿ: 2,380
- ಇನ್ಶೂರೆನ್ಸ್ ಹೆಚ್ಚಳ, ವರ್ಷಕ್ಕೆ 250ರಂತೆ: 1,000
- ದುಬಾರಿ ಕಾರಿನ ತೆರಿಗೆ, ಉಳಿದ ಎರಡು ವರ್ಷ: 850
- ರಿಪೇರಿ ಮೀಸಲು, ವರ್ಷಕ್ಕೆ 600ರಂತೆ: 2,400
- ಟೈರು: 800

ಒಟ್ಟು 18,430. ತಿಂಗಳಿಗೆ ಸುಮಾರು 384.

ಒಂದನೇ ದಾರಿಗೂ ಎರಡನೇ ದಾರಿಗೂ ನಾಲ್ಕು ವರ್ಷದಲ್ಲಿ 21 ಸಾವಿರ ಪೌಂಡ್ ವ್ಯತ್ಯಾಸ. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೆ 24 ಲಕ್ಷ. ಊರಿನ ಲೆಕ್ಕ ಬೇಡ, ಇಲ್ಲಿನದೇ ಹೇಳುತ್ತೇನೆ. ನಾಲ್ಕು ಲಕ್ಷ ಪೌಂಡಿನ ಮನೆಗೆ ಶೇ. 10 ಡಿಪಾಸಿಟ್ ಎಂದರೆ 40 ಸಾವಿರ, ಶೇ. 15 ಎಂದರೆ 60 ಸಾವಿರ. ಆ 20 ಸಾವಿರ ಇದೇ. ಡಿಪಾಸಿಟ್ ಹೆಚ್ಚಿದಂತೆ ಬ್ಯಾಂಕು ಕೊಡುವ ಬಡ್ಡಿ ದರದ ಮೆಟ್ಟಿಲೂ ಸಾಮಾನ್ಯವಾಗಿ ಒಂದು ಹಂತ ಇಳಿಯುತ್ತದೆ. ಅದರ ಮೇಲೆ, ಮನೆ ಸಾಲ ಕೊಡುವಾಗ ಬ್ಯಾಂಕು ನಿಮ್ಮ ತಿಂಗಳ ಬದ್ಧತೆಗಳನ್ನು ಕೂಡಿಸುತ್ತದೆ. 399ರ ಕಾರಿನ ಕಂತು ಅಲ್ಲಿ ಎದ್ದು ಕಾಣುತ್ತದೆ, ಸಿಗುವ ಸಾಲವನ್ನು ಕಡಿಮೆ ಮಾಡುತ್ತದೆ.

ದುಬಾರಿ ಕಾರಿನ ತೆರಿಗೆಯ ಬಗ್ಗೆ ಒಂದು ಮಾತು. ಹೊಸದಾಗಿದ್ದಾಗ ಪಟ್ಟಿ ಬೆಲೆ 40 ಸಾವಿರ ಪೌಂಡ್ ದಾಟಿದ ಪೆಟ್ರೋಲ್ ಕಾರಿಗೆ ಎರಡನೇ ವರ್ಷದಿಂದ ಆರನೇ ವರ್ಷದವರೆಗೆ, ಐದು ವರ್ಷ, ಈ ಹೆಚ್ಚುವರಿ ತೆರಿಗೆ ಇದೆ. 2025-26ರಲ್ಲಿ ಅದು ವರ್ಷಕ್ಕೆ 425 ಪೌಂಡ್, ಮಾಮೂಲಿ 195ರ ಮೇಲೆ. ನೀವು ಕೊಟ್ಟ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ. 27 ಸಾವಿರಕ್ಕೆ ಕೊಂಡ ಹಳೆಯ ಕಾರಿಗೂ ಮೊದಲ ಮಾಲೀಕ ಸನ್‌ರೂಫ್, ದೊಡ್ಡ ಚಕ್ರ ಹಾಕಿಸಿ 40 ಸಾವಿರ ದಾಟಿಸಿದ್ದರೆ ಆ ತೆರಿಗೆ ನಿಮ್ಮ ತಲೆಗೆ ಬರುತ್ತದೆ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಆರ್‌ಗಳಲ್ಲಿ ಒಂದಕ್ಕೆ ಈ ತೆರಿಗೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಕೊಳ್ಳುವ ಮೊದಲು ನಂಬರ್ ಹಾಕಿ ಸರ್ಕಾರದ ಸೈಟಿನಲ್ಲಿ ನೋಡಿಕೊಳ್ಳಿ.

399 ಎಂಬ ಅಂಕಿಯ ಹಿಂದೆ

ಶೋರೂಮಿನಲ್ಲಿ ಯಾರೂ 717 ಎಂದು ಹೇಳುವುದಿಲ್ಲ, 399 ಎನ್ನುತ್ತಾರೆ. ಸುಳ್ಳಲ್ಲ, ಕಂತು ಅಷ್ಟೇ. ಆದರೆ ನಿಮ್ಮ 13 ಸಾವಿರದ ಕಾರು ಆ ಅಂಕಿಯೊಳಗೆ ಕರಗಿ ಕಾಣದಾಗಿದೆ, ಮತ್ತು 20 ಸಾವಿರದ ಕೊನೆಯ ಕಂತು ನಾಲ್ಕು ವರ್ಷದಾಚೆ ಕೂತಿದೆ. ಪಿಸಿಪಿಯಲ್ಲಿ ನೀವು ತೀರಿಸುವುದು ಮುಖ್ಯವಾಗಿ ಕಾರಿನ ಬೆಲೆ ಕುಸಿತವನ್ನು. ಬಡ್ಡಿ ಮಾತ್ರ ಪೂರ್ತಿ ಬಾಕಿಯ ಮೇಲೆ, ಆ ಕೊನೆಯ 20 ಸಾವಿರವೂ ಸೇರಿ, ಓಡುತ್ತಲೇ ಇರುತ್ತದೆ.

ವೀಸಾ ಮೇಲೆ ಇರುವವರು ಇದನ್ನು ಇನ್ನೂ ಗಂಭೀರವಾಗಿ ನೋಡಬೇಕು. ದಾವಣಗೆರೆಯ ನನ್ನ ಗೆಳೆಯನೊಬ್ಬ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದ. ಕಡಿಮೆ ಡಿಪಾಸಿಟ್ ಕೊಟ್ಟು ಒಂದು ಜರ್ಮನ್ ಕಾರು ತಂದಿದ್ದ. ಒಂದೂವರೆ ವರ್ಷಕ್ಕೆ ಕಂಪನಿ ಅವನ ತಂಡವನ್ನೇ ಮುಚ್ಚಿತು. ಸ್ಪಾನ್ಸರ್ ಕೈಬಿಟ್ಟ ಮೇಲೆ ವೀಸಾವನ್ನು ಸಾಮಾನ್ಯವಾಗಿ 60 ದಿನಕ್ಕೆ ಇಳಿಸುತ್ತಾರೆ. ಅಷ್ಟರಲ್ಲಿ ಹೊಸ ಕೆಲಸ ಹುಡುಕಬೇಕು, ಇಲ್ಲದಿದ್ದರೆ ಹೊರಡಬೇಕು. ಕಾರಿನ ಸಾಲ ತೀರಿಸಲು ಬೇಕಾದ ಮೊತ್ತ ಕಾರಿನ ಮಾರುಕಟ್ಟೆ ಬೆಲೆಗಿಂತ ಹೆಚ್ಚಿತ್ತು. ಕೆಲಸ ಹುಡುಕುವ ಹೊತ್ತಿನಲ್ಲಿ ಅವನು ಕಾರಿನ ದಲ್ಲಾಳಿಗಳ ಜೊತೆ ಚೌಕಾಸಿ ಮಾಡುತ್ತ ಕೂತಿದ್ದ. ಕೊನೆಗೆ ಕೈಯಿಂದ ದುಡ್ಡು ಹಾಕಿ ಸಾಲ ಮುಚ್ಚಿದ. ಕೆಲಸ ಸಿಕ್ಕಿತು, ಇಲ್ಲೇ ಇದ್ದಾನೆ. ಆದರೆ ಆ ಎರಡು ತಿಂಗಳು ಅವನ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

'ಬೇಡವಾದರೆ ಕಾರು ವಾಪಸ್ ಕೊಟ್ಟರಾಯಿತಲ್ಲ' ಎಂದು ಹೇಳುವವರು ಕಾನೂನನ್ನು ಪೂರ್ತಿ ಓದಿರುವುದಿಲ್ಲ. 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್ ಪ್ರಕಾರ ಕಾರು ಹಿಂದಿರುಗಿಸುವ ಹಕ್ಕು ಇದೆ, ನಿಜ. ಆದರೆ ಒಟ್ಟು ಕೊಡಬೇಕಾದ ಮೊತ್ತದ ಅರ್ಧ ಕಟ್ಟಿರಬೇಕು, ಇಲ್ಲದಿದ್ದರೆ ಅರ್ಧಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಕಟ್ಟಿ ಕೊಡಬೇಕು. ಒಟ್ಟು ಮೊತ್ತದಲ್ಲಿ ಬಡ್ಡಿಯೂ ಸೇರುತ್ತದೆ, ಕೊನೆಯ ದೊಡ್ಡ ಕಂತೂ ಸೇರುತ್ತದೆ. ಮೇಲಿನ ನನ್ನ ಉದಾಹರಣೆಯಲ್ಲಿ ಒಟ್ಟು 52 ಸಾವಿರ, ಅರ್ಧ 26 ಸಾವಿರ. 13 ಸಾವಿರ ಡಿಪಾಸಿಟ್ ಕೊಟ್ಟೂ ಅರ್ಧ ಮುಟ್ಟುವುದು 33ನೇ ಕಂತಿಗೆ. ಆಗ ಹಿಂದಿರುಗಿಸಿದರೆ ಡಿಪಾಸಿಟ್ ಆಗಿ ಹೋದ ನಿಮ್ಮ ಹಳೆಯ ಕಾರೂ ಇಲ್ಲ, ಹೊಸ ಕಾರೂ ಇಲ್ಲ. ಡಿಪಾಸಿಟ್ ಕಡಿಮೆ ಇದ್ದರೆ ಆ ದಿನ ಇನ್ನೂ ದೂರ ಹೋಗುತ್ತದೆ.

ಸಾಲವಿಲ್ಲದ 13 ಸಾವಿರದ ಜಿಟಿಐ ಇದ್ದವನಿಗೆ ಇಂಥ ದಿನ ಬಂದರೆ ಕಾರು ಮಾರಿ ನಾಲ್ಕು ತಿಂಗಳ ಬಾಡಿಗೆ, ದಿನಸಿ ನೋಡಿಕೊಳ್ಳಬಹುದು. ಸಾಲವಿಲ್ಲದ ಕಾರಿಗೆ ಇರುವ ಈ ಬೆಲೆ ಯಾವ ಎಕ್ಸೆಲ್ ಹಾಳೆಯಲ್ಲೂ ಬರುವುದಿಲ್ಲ.

ಅಪ್‌ಗ್ರೇಡ್ ಎಂದರೆ ರೀಮ್ಯಾಪ್ ಅಲ್ಲ

ಮೊದಲನೇ ದಾರಿಯ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕಾರಿನ ಮೇಲೆ ಹಾಕುವ 3,500ರಲ್ಲಿ 2,600 ಪೌಂಡ್ ಟೈರು, ಬ್ರೇಕು, ಶಾಕ್, ಬುಷ್, ಪ್ಲಗ್‌ಗೆ. ಅದು ಅಪ್‌ಗ್ರೇಡ್ ಅಲ್ಲವೇ ಅಲ್ಲ. ಕಾರು ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಮಾಡುವುದು. ನಿಜವಾದ ಅಪ್‌ಗ್ರೇಡ್ ಬರೀ 900.

ಏಳು ವರ್ಷದ ಕಾರು ಹಳೆಯದಾಯಿತು, ಮಜಾ ಕೊಡುತ್ತಿಲ್ಲ ಎಂದು ನಮಗೆ ಅನಿಸುವುದಕ್ಕೆ ಕಾರಣ ಎಂಜಿನ್ ಶಕ್ತಿ ಕಡಿಮೆಯಾಗಿರುವುದಲ್ಲ. ಶಾಕ್ ಅಬ್ಸಾರ್ಬರ್ ಸ್ವಲ್ಪ ಸ್ವಲ್ಪವಾಗಿ ಸೋಲುತ್ತವೆ, ರಬ್ಬರ್ ಬುಷ್ ಗಟ್ಟಿಯಾಗಿ ಬಿರುಕು ಬಿಡುತ್ತವೆ, ಕಳೆದ ಸಲ ಅಗ್ಗದ ಟೈರು ಹಾಕಿಸಿರುತ್ತೇವೆ. ದಿನವೂ ಓಡಿಸುವವರಿಗೆ ಇದು ಗೊತ್ತಾಗುವುದಿಲ್ಲ. ಅದೇ ಸ್ಥಿತಿಯಲ್ಲಿ ಶೋರೂಮಿಗೆ ಹೋಗಿ ಹೊಸ ಕಾರನ್ನು ಓಡಿಸಿ ನೋಡಿದರೆ ಅದು ಸ್ವರ್ಗದಂತೆ ಕಾಣುತ್ತದೆ. ಹೋಲಿಕೆಯೇ ಸರಿಯಿಲ್ಲ. ಸವೆದ ಕಾರಿಗೂ ಹೊಸ ಕಾರಿಗೂ ಹೋಲಿಸುತ್ತಿದ್ದೀರಿ, ಹಳೆಯ ಮಾಡೆಲ್ಲಿಗೂ ಹೊಸ ಮಾಡೆಲ್ಲಿಗೂ ಅಲ್ಲ. ಹಾಗಾಗಿ ನನ್ನ ಸಲಹೆ: ಮೊದಲು 2,600 ಹಾಕಿ, ಮೂರು ತಿಂಗಳು ಓಡಿಸಿ, ಆಮೇಲೂ ಆಸೆ ಉಳಿದರೆ ಆಗ ಮಾತಾಡೋಣ. ಕಾರು ಮಾರಬೇಕಾಗಿ ಬಂದರೂ ಒಳ್ಳೆಯ ಟೈರು, ಹೊಸ ಬ್ರೇಕು ಇರುವ ಕಾರು ಬೇಗ ಹೋಗುತ್ತದೆ.

ರೀಮ್ಯಾಪ್ ವಿಷಯ. ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಟರ್ಬೊ ಒತ್ತಡ ಹೆಚ್ಚಿಸುವುದು ಸ್ಟೇಜ್ 1. ಈ ಎರಡು ಲೀಟರ್ ಎಂಜಿನ್‌ನಲ್ಲಿ 300 ಪಿಎಸ್ ಆಸುಪಾಸಿಗೆ ಹೋಗುತ್ತದೆ. 550 ಪೌಂಡಿಗೆ 50 ಕುದುರೆ ಎಂದರೆ ಇದಕ್ಕಿಂತ ಅಗ್ಗದ ಶಕ್ತಿ ಇನ್ನೆಲ್ಲೂ ಸಿಗದು. ಆದರೆ ಮುಂದಿನ ಚಕ್ರಗಳು ಮಾತ್ರ ಎಳೆಯುವ ಕಾರಿಗೆ ಇಂಗ್ಲೆಂಡಿನ ಒದ್ದೆ ರಸ್ತೆಯಲ್ಲಿ 245 ಪಿಎಸ್ ಇಳಿಸುವುದೇ ಕಷ್ಟ. ಮೊದಲ ಎರಡು ಗೇರಿನಲ್ಲಿ ಹೆಚ್ಚಿದ ಶಕ್ತಿ ಟೈರು ತಿರುಗಿಸುವುದಕ್ಕೇ ಖರ್ಚಾಗುತ್ತದೆ. ಮ್ಯಾನುವಲ್ ಕಾರಿನಲ್ಲಿ ಕ್ಲಚ್ ಜಾರುವುದು ಗೊತ್ತಿರುವ ಸಮಸ್ಯೆ, ಕ್ಲಚ್, ಫ್ಲೈವೀಲ್ ಬದಲಿಸಿದರೆ ಸಾವಿರ ಪೌಂಡ್ ದಾಟುತ್ತದೆ. ಮೇಲಿನ 3,600ರ ಮೀಸಲಿನಲ್ಲಿ ಅದನ್ನೂ ಹಿಡಿದಿದ್ದೇನೆ. ಈ ಎಂಜಿನ್ನಿನ ವಾಟರ್ ಪಂಪ್, ಥರ್ಮೋಸ್ಟಾಟ್ ಜೋಡಣೆ ಸೋರುವುದೂ ಎಲ್ಲರಿಗೂ ಗೊತ್ತಿರುವುದೇ, ಅದೂ ಆ ಮೀಸಲಿನಲ್ಲಿದೆ.

ಸ್ಟೇಜ್ 2ಕ್ಕೆ ನನ್ನ ಉತ್ತರ ನೇರವಾಗಿ ಬೇಡ. ದೊಡ್ಡ ಇಂಟರ್‌ಕೂಲರ್, ಬೇರೆ ಡೌನ್‌ಪೈಪ್, ಗಟ್ಟಿ ಕ್ಲಚ್, ಅದಕ್ಕೆ ತಕ್ಕ ಬ್ರೇಕ್ ಎಂದು ಹೊರಟರೆ 13 ಸಾವಿರದ ಕಾರಿಗೆ ಐದಾರು ಸಾವಿರ ಸುರಿಯುತ್ತೀರಿ. ಮೂಗಿಗಿಂತ ಮೂಗುತಿ ಭಾರ. ಮಾರುವಾಗ ಅದರಲ್ಲಿ ಏನೂ ವಾಪಸ್ ಬರುವುದಿಲ್ಲ, ಬದಲಿಗೆ ಕೊಳ್ಳುವವರು ಅನುಮಾನದಿಂದ ನೋಡುತ್ತಾರೆ. ಕೆಟಲಿಟಿಕ್ ಕನ್ವರ್ಟರ್ ತೆಗೆದರೆ ಎಂಒಟಿ ಫೇಲ್. ಎಕ್ಸಾಸ್ಟ್ ಮೂಲಕ್ಕಿಂತ ಹೆಚ್ಚು ಸದ್ದು ಮಾಡುವಂತೆ ಬದಲಿಸುವುದು ಇಲ್ಲಿ ಕಾನೂನಿಗೆ ವಿರುದ್ಧ. ತೆಗೆದ ಮೂಲ ಭಾಗಗಳನ್ನು ಮಾತ್ರ ಎಸೆಯಬೇಡಿ, ಗ್ಯಾರೇಜಿನ ಮೂಲೆಯಲ್ಲಿಡಿ, ಮಾರುವ ದಿನ ಬೇಕಾಗುತ್ತವೆ.

ಇನ್ಶೂರೆನ್ಸಿಗೆ ಹೇಳದೆ ಏನೂ ಮಾಡಬೇಡಿ

ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ 'ಯಾರಿಗೆ ಗೊತ್ತಾಗುತ್ತೆ ಬಿಡಿ ಸಾರ್' ಎನ್ನುವ ಮಾತು ನಮ್ಮವರ ಬಾಯಲ್ಲೇ ಹೆಚ್ಚು ಕೇಳಿದ್ದೇನೆ. ಗೊತ್ತಾಗುತ್ತದೆ. ಬದಲಿಸಿದ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿ ಗುರುತು ಬಿಡುತ್ತದೆ, ದೊಡ್ಡ ಅಪಘಾತವಾದರೆ ಅದನ್ನು ತೆಗೆದು ನೋಡುತ್ತಾರೆ.

2012ರ ಕನ್ಸ್ಯೂಮರ್ ಇನ್ಶೂರೆನ್ಸ್ ಕಾಯಿದೆಯ ಪ್ರಕಾರ ಪಾಲಿಸಿ ತೆಗೆದುಕೊಳ್ಳುವಾಗ, ನವೀಕರಿಸುವಾಗ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ತಕ್ಕ ಎಚ್ಚರ ವಹಿಸುವುದು ನಿಮ್ಮ ಕರ್ತವ್ಯ. ಅಜಾಗರೂಕತೆಯಿಂದ ಬಿಟ್ಟರೆ ಕ್ಲೇಮ್ ಮೊತ್ತವನ್ನು ಅನುಪಾತದಲ್ಲಿ ಕಡಿತ ಮಾಡಬಹುದು. ಬೇಕೆಂದೇ ಮುಚ್ಚಿಟ್ಟಿದ್ದೀರಿ ಎಂದು ಸಾಬೀತಾದರೆ ಪಾಲಿಸಿಯನ್ನೇ ರದ್ದು ಮಾಡಿ, ಕಟ್ಟಿದ ಪ್ರೀಮಿಯಂ ಸಹ ಉಳಿಸಿಕೊಳ್ಳಬಹುದು. ಪಾಲಿಸಿಯ ಮಧ್ಯದಲ್ಲಿ ಬದಲಾವಣೆ ಮಾಡಿದರೆ ಆಗಲೇ ತಿಳಿಸಬೇಕೆಂದು ಹೆಚ್ಚಿನ ಪಾಲಿಸಿಗಳ ಷರತ್ತಿನಲ್ಲೇ ಇರುತ್ತದೆ. ಇನ್ನೊಬ್ಬರ ಕಾರಿಗೆ, ಜೀವಕ್ಕೆ ಆದ ಹಾನಿಯನ್ನು ಕಂಪನಿ ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು. ವರ್ಷಕ್ಕೆ 200 ಪೌಂಡ್ ಉಳಿಸಲು ಹೋಗಿ ಮನೆಯ ಡಿಪಾಸಿಟ್ಟನ್ನೇ ಒತ್ತೆ ಇಟ್ಟಂತೆ.

ಕ್ರಮ ಸರಳ. ರೀಮ್ಯಾಪ್ ಬುಕ್ ಮಾಡುವ ಮೊದಲು ಕಂಪನಿಗೆ ಫೋನ್ ಮಾಡಿ, ಎಷ್ಟು ಹೆಚ್ಚಾಗುತ್ತದೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ಕೆಲವು ಕಂಪನಿಗಳು ರೀಮ್ಯಾಪ್ ಎಂದ ತಕ್ಷಣ ಆಗುವುದಿಲ್ಲ ಎನ್ನುತ್ತವೆ. ಮಾರ್ಪಡಿಸಿದ ಕಾರುಗಳಿಗೇ ಇರುವ ಬ್ರೋಕರ್‌ಗಳಿದ್ದಾರೆ, ಅವರಲ್ಲಿ ಕೇಳಿ. ಹೆಚ್ಚಳ ವರ್ಷಕ್ಕೆ 400 ದಾಟಿದರೆ ರೀಮ್ಯಾಪ್ ಕೈಬಿಡಿ. ನಾಲ್ಕು ವರ್ಷಕ್ಕೆ 1,600 ಆಯಿತು, ಅಷ್ಟು ದುಡ್ಡಿಗೆ ಒಂದೆರಡು ಟ್ರ್ಯಾಕ್ ಡೇ, ಡ್ರೈವಿಂಗ್ ಕೋಚಿಂಗ್ ಮಾಡಿ ಇನ್ನೂ ಮಿಗುತ್ತದೆ. ಕಾರಿಗಿಂತ ಮೊದಲು ಓಡಿಸುವವರು ಅಪ್‌ಗ್ರೇಡ್ ಆಗುವುದು ಒಳ್ಳೆಯದು.

ಹೊಸ ಕಾರಿನ ಪರವಾದ ವಾದಗಳು

ಇವುಗಳನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಮೊದಲನೆಯದು ಸಮಯ. ಹಳೆಯ ಕಾರು ದುಡ್ಡಿನ ಜೊತೆ ವಾರಾಂತ್ಯವನ್ನೂ ತಿನ್ನುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ, ಚಿಕ್ಕ ಮಕ್ಕಳಿರುವ, ಒಂದೇ ಕಾರಿರುವ ಮನೆಯಲ್ಲಿ ಕಾರು ಮೂರು ದಿನ ವರ್ಕ್‌ಶಾಪಿನಲ್ಲಿದ್ದರೆ ಅದೊಂದು ಯುದ್ಧ. ನಂಬಿಕಸ್ಥ ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದವರು ನನ್ನ ಮೊದಲನೇ ದಾರಿಯ ಲೆಕ್ಕಕ್ಕೆ ಇನ್ನೂ ಸಾವಿರ ಪೌಂಡ್ ಸೇರಿಸಿ ನೋಡಲಿ.

ಎರಡನೆಯದು ಬೋಲ್ಟ್ ಹಾಕಿ ಕೂಡಿಸಲಾಗದ ಗುಣಗಳು. ನಾಲ್ಕು ಚಕ್ರದ ಎಳೆತ, ಹೊಸ ಸುರಕ್ಷತಾ ವ್ಯವಸ್ಥೆ, ಬಿಗಿಯಾದ ಚಾಸಿ ಇವು ರೀಮ್ಯಾಪ್‌ನಿಂದ ಬರುವುದಿಲ್ಲ. ನಿಮಗೆ ಬೇಕಿರುವುದು ಅದೇ ಆದರೆ ಜಿಟಿಐಗೆ ಎಷ್ಟು ಸುರಿದರೂ ಅದು ಆರ್ ಆಗದು. ಆಗ ಮೂರನೇ ದಾರಿ ಹಿಡಿಯಿರಿ. ನಾಲ್ಕು ವರ್ಷಕ್ಕೆ ಐದು ಸಾವಿರ ಹೆಚ್ಚು, ತಿಂಗಳಿಗೆ 105. ಅಷ್ಟು ದುಡ್ಡಿಗೆ ನಿಜವಾಗಿ ಬೇರೆಯದೇ ಕಾರು ಸಿಗುತ್ತದೆ. ಮೊದಲ ಮಾಲೀಕ ದೊಡ್ಡ ಕುಸಿತವನ್ನು ಆಗಲೇ ನುಂಗಿರುತ್ತಾನೆ. ಡೀಲರ್ ಹತ್ತಿರ ಕೊಂಡರೆ 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ ಪ್ರಕಾರ ದೋಷವಿದ್ದರೆ 30 ದಿನದೊಳಗೆ ತಿರಸ್ಕರಿಸುವ ಹಕ್ಕೂ ಇದೆ. ಖಾಸಗಿ ಮಾರಾಟಗಾರರಿಂದ ಕೊಂಡರೆ ಅದಿಲ್ಲ. ಒಂದು ವಿಷಯ ನೆನಪಿಡಿ: ಎಂಟನೇ ತಲೆಮಾರಿನ ಮೊದಲ ಕಾರುಗಳಲ್ಲಿ ಸ್ಟೀರಿಂಗ್ ಮೇಲೆ ಮುಟ್ಟುವ ಗುಂಡಿಗಳಿದ್ದವು, ಜನ ಬೈದ ಮೇಲೆ 2024ರ ಪರಿಷ್ಕರಣೆಯಲ್ಲಿ ಒತ್ತುವ ಗುಂಡಿಗಳು ಮರಳಿ ಬಂದವು. ಓಡಿಸಿ ನೋಡದೆ ಕೊಳ್ಳಬೇಡಿ.

ಮೂರನೆಯದು, 'ಈಗ ಕೊಳ್ಳದಿದ್ದರೆ ಮುಂದೆ ಸಿಗುವುದೇ ಇಲ್ಲ' ಎಂಬ ವಾದ. ಇದರಲ್ಲಿ ಹುರುಳಿದೆ. ಫಿಯೆಸ್ಟಾ 2023ರಲ್ಲಿ ನಿಂತಿತು, ಮೆಗಾನ್ ಆರ್‌ಎಸ್ ಹೋಯಿತು, ಐ30ಎನ್ 2024ರಲ್ಲಿ ಯುರೋಪಿನಿಂದ ಹೊರಟಿತು, ಫೋಕಸ್ ಉತ್ಪಾದನೆ 2025ಕ್ಕೆ ಮುಗಿಯಿತು. ಹೊಸ ಜಿಟಿಐ, ಆರ್ ಎರಡರಲ್ಲೂ ಈಗ ಮ್ಯಾನುವಲ್ ಗೇರ್ ಇಲ್ಲ. ಆದರೆ ಈ ವಾದ ನಿಜವಾಗಿ ಯಾರ ಪರ? ಮ್ಯಾನುವಲ್ ಹಾಟ್ ಹ್ಯಾಚ್ ಅಪರೂಪವಾಗುತ್ತಿದ್ದರೆ ನಿಮ್ಮ ಮನೆ ಮುಂದೆ ನಿಂತಿರುವುದೇ ಆ ಅಪರೂಪದ ವಸ್ತು. ಅದನ್ನು ಕೊಟ್ಟು ಆಟೊಮ್ಯಾಟಿಕ್ ತರುವುದಕ್ಕೆ ಅಪರೂಪದ ವಾದ ಹೊಂದುವುದಿಲ್ಲ. ಹಾಗಂತ ಜಿಟಿಐ ಮುಂದೆ ಬೆಲೆ ಏರುವ ಹೂಡಿಕೆ ಎಂದೂ ಹೇಳುತ್ತಿಲ್ಲ. ಲಕ್ಷಗಟ್ಟಲೆ ತಯಾರಾದ ಕಾರು ಅದು. ಕಾರು ಖರ್ಚಿನ ಬಾಬ್ತು, ಹೂಡಿಕೆಯ ಬಾಬ್ತು ಅಲ್ಲ.

ನಾಲ್ಕನೆಯದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ವಿದೇಶದಲ್ಲಿದ್ದೂ ಏಳು ವರ್ಷದ ಕಾರಾ ಎಂಬ ಪ್ರಶ್ನೆ. ಊರಿನಿಂದ ಅಪ್ಪ, ಅಮ್ಮ ಬಂದಾಗ, ಕನ್ನಡ ಬಳಗದ ದೀಪಾವಳಿಗೆ ಹೋದಾಗ ಪಾರ್ಕಿಂಗ್ ಜಾಗದಲ್ಲಿ ಈ ಪ್ರಶ್ನೆ ನಮ್ಮನ್ನು ಕಾಯುತ್ತಿರುತ್ತದೆ. ತಮಾಷೆಯೆಂದರೆ ಊರಿನಲ್ಲಿ ಜಿಟಿಐ ಈಗ ಪ್ರತಿಷ್ಠೆಯ ಕಾರು. 2025ರಲ್ಲಿ ಭಾರತಕ್ಕೆ ಆಮದಾಗಿ ಬಂದಾಗ ಶೋರೂಮ್ ಬೆಲೆಯೇ 53 ಲಕ್ಷ ರೂಪಾಯಿ, ಅದರ ಮೇಲೆ ಕರ್ನಾಟಕದ ಶೇ. 18 ಜೀವಿತಾವಧಿ ತೆರಿಗೆ, ಸೆಸ್. ಮೊದಲ ಕಂತಿನ 150 ಕಾರು ಮಾರಾಟವಾಗಿಹೋದವು. ಬೆಂಗಳೂರಿನಲ್ಲಿ ಜನ ತಿರುಗಿ ನೋಡುವ ಹೆಸರನ್ನು ನಾವಿಲ್ಲಿ ಹಳತು ಎಂದು ಕೊಡಲು ಹೊರಟಿದ್ದೇವೆ. ಆಯುಧ ಪೂಜೆಗೆ ಹಳೆಯ ಕಾರನ್ನೂ ತೊಳೆದು, ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಆ ಪೂಜೆ ಹೊಸ ಕಾರಿಗೆ ಮಾತ್ರ ಅಂತ ಎಲ್ಲೂ ಇಲ್ಲ.

ಬೇರೆ ದೇಶದಲ್ಲಿರುವವರಿಗೆ

ಲೆಕ್ಕದ ಕ್ರಮ ಒಂದೇ, ನಿಯಮಗಳು ಬೇರೆ. ಜರ್ಮನಿಯಲ್ಲಿರುವವರು ಬದಲಾವಣೆಯನ್ನು ಟ್ಯೂಫ್‌ನಂಥ ಸಂಸ್ಥೆಯಲ್ಲಿ ಪರೀಕ್ಷಿಸಿ ಕಾರಿನ ದಾಖಲೆಗೆ ಸೇರಿಸಬೇಕು. ಇಲ್ಲದಿದ್ದರೆ ಕಾರು ರಸ್ತೆಗಿಳಿಯುವ ಅನುಮತಿಯೇ ರದ್ದಾಗಬಹುದು. ರೀಮ್ಯಾಪ್ ಬೆಲೆ ಕೇಳುವಾಗ ಆ ದಾಖಲಾತಿಯ ಖರ್ಚನ್ನೂ ಸೇರಿಸಿಯೇ ಕೇಳಿ. ಅಮೆರಿಕದಲ್ಲಿ ಹೊಗೆ ನಿಯಂತ್ರಣದ ಭಾಗಗಳನ್ನು ಮುಟ್ಟುವುದು ಕ್ಲೀನ್ ಏರ್ ಆ್ಯಕ್ಟ್‌ಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಆ ರಾಜ್ಯದ ವಾಯು ಮಂಡಳಿಯ ಅನುಮೋದನೆ ಸಂಖ್ಯೆ ಇಲ್ಲದ ಟ್ಯೂನಿಂಗ್ ಇದ್ದರೆ ಸ್ಮಾಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಎಲ್ಲೇ ಇರಲಿ, ವಾರಂಟಿ ಇನ್ನೂ ಉಳಿದಿರುವ ಕಾರನ್ನು ರೀಮ್ಯಾಪ್ ಮಾಡಿಸಬೇಡಿ.

ನನ್ನ ನಿಯಮಗಳು

ಒಂದು: ಕಾರು ಬದಲಿಸುವ ಮೊದಲು ಇರುವ ಕಾರನ್ನು ಸರಿಯಾದ ಸ್ಥಿತಿಗೆ ತಂದು ಮೂರು ತಿಂಗಳು ಓಡಿಸು.

ಎರಡು: ಅಪ್‌ಗ್ರೇಡ್ ಖರ್ಚು ಕಾರಿನ ಇಂದಿನ ಬೆಲೆಯ ಶೇ. 10 ದಾಟಬಾರದು. ರಿಪೇರಿ ಬೇರೆ, ಅಪ್‌ಗ್ರೇಡ್ ಬೇರೆ. ನನ್ನ 900 ಪೌಂಡ್ ಈ ಮಿತಿಯೊಳಗಿದೆ.

ಮೂರು: ತುರ್ತು ನಿಧಿ ಆರು ತಿಂಗಳಿಗಿಂತ ಕಡಿಮೆ ಇದ್ದರೆ, ಇಲ್ಲವೇ ಐಎಲ್‌ಆರ್ ಇನ್ನೂ ಬಂದಿಲ್ಲದಿದ್ದರೆ, ಕಾರಿಗೆ ಸಾಲ ಬೇಡ.

ನಾಲ್ಕು: ಹೊಸತರ ಕಾರು ಬೇಕೇ ಬೇಕಾದರೆ ಮೂರು, ನಾಲ್ಕು ವರ್ಷ ಹಳೆಯದು, ನಗದಿಗೆ.

ಐದು: ಮನೆ ಕೊಳ್ಳುವ ವರ್ಷದಲ್ಲಿ ಯಾವ ಕಾರನ್ನೂ ಬದಲಿಸಬೇಡ.

ನಾನು ಮೊದಲನೇ ದಾರಿಯನ್ನು ಆರಿಸಿಕೊಂಡಿದ್ದೇನೆ. ಶಾಕ್ ಮತ್ತು ಬುಷ್ ಕೆಲಸ ಮುಂದಿನ ತಿಂಗಳು, ರೀಮ್ಯಾಪ್ ವಿಷಯ ಬೇಸಿಗೆಗೆ. ಇನ್ಶೂರೆನ್ಸ್ ನವೀಕರಣದ ಜೊತೆಗೇ ಆ ನಿರ್ಧಾರ. ನಮ್ಮ ಮನೆಯವಳ ಷರತ್ತು ಒಂದೇ: ಗಾಲ್ಫ್ ಆರ್‌ಗೆ ಕಟ್ಟಬೇಕಾಗಿದ್ದ ಕಂತಿನ 399 ಪೌಂಡ್ ಪ್ರತಿ ತಿಂಗಳು ಒಂದನೇ ತಾರೀಕು ಮನೆಯ ಡಿಪಾಸಿಟ್ ಖಾತೆಗೆ ಹೋಗಬೇಕು. ಸ್ಟ್ಯಾಂಡಿಂಗ್ ಆರ್ಡರ್ ಹಾಕಿ ಆಗಿದೆ. ನಾಲ್ಕು ವರ್ಷಕ್ಕೆ ಬಡ್ಡಿ ಬಿಟ್ಟೇ 19 ಸಾವಿರ. ಇದಿಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ಬರೀ ಕಾಗದದ ಮೇಲಿನ ಉಳಿತಾಯ. ಕೊಳ್ಳದ ಕಾರಿನ ದುಡ್ಡು ಬೇರೆಲ್ಲೋ ಸೋರಿಹೋಗುತ್ತದೆ.

ನೀವೂ ಇದೇ ಗೊಂದಲದಲ್ಲಿದ್ದರೆ ಈ ಶನಿವಾರ ಮೂರು ಕೆಲಸ ಮಾಡಿ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ, ಟೈರು ಎಷ್ಟು ಹಳೆಯದೆಂದು ತಿಳಿಯುತ್ತದೆ. ಒಬ್ಬ ಸ್ವತಂತ್ರ ಮೆಕ್ಯಾನಿಕ್ ಹತ್ತಿರ ಸಸ್ಪೆನ್ಷನ್ ತಪಾಸಣೆ ಮಾಡಿಸಿ. ನಿಮ್ಮ ಕಾರು ಇವತ್ತು ಮಾರಿದರೆ ಎಷ್ಟು ಬರುತ್ತದೆಂದು ಎರಡು ಕಡೆ ಕೇಳಿ. ಈ ಮೂರು ಉತ್ತರ ಕೈಯಲ್ಲಿಟ್ಟುಕೊಂಡು ಆಮೇಲೆ ಶೋರೂಮಿಗೆ ಹೋಗಿ. ಬೇಕಾದರೆ ಕಾಫಿಯನ್ನೂ ಕುಡಿದು ಬನ್ನಿ.